ಜಡೆ ಬಿಲ್ಡಿಂಗ್

ಬೆಂಗಳೂರಿನ ಗಾಂಧಿನಗರದ ನಡುವೆ ಹಳೆಯದೊಂದು ಆಫೀಸು ಕಟ್ಟಡವಿದೆ. ಕಂಬಕ್ಕೆ ಬಳ್ಳಿಯಿಲ್ಲ, ಬಾಗಿಲಿಗೆ ಕಮಾನಿಲ್ಲ. ಗೆರೆ ಎಳೆದಂಥ ಗೋಡೆ, ಒಂದೇ ಅಳತೆಯ ಕಿಟಕಿಗಳು, ಪ್ರತಿ ಮಹಡಿಯಲ್ಲೂ ಕಿಟಕಿಗಳ ಕೆಳಗೆ ಕಟ್ಟಡವನ್ನು ಸುತ್ತುವ ಸಿಮೆಂಟಿನ ಸಜ್ಜ, ಅಷ್ಟೆ. ಅಲಂಕಾರದ ಸೋಂಕೇ ಇಲ್ಲದ ಇದನ್ನು ಜನ ಜಡೆ ಬಿಲ್ಡಿಂಗ್ ಎನ್ನುತ್ತಾರೆ.

ಹಿಂದೆ ಒಮ್ಮೆ ಇಲ್ಲಿ ವಿಮಾ ಕಂಪನಿಯೊಂದಿತ್ತು. ಜಲಜಾಕ್ಷಿ ಅದರ ಮೂರನೆಯ ಮಹಡಿಯಲ್ಲಿ ಟೆಲಿಫೋನ್ ಆಪರೇಟರ್. ಒಂದು ಮಧ್ಯಾಹ್ನ ಮೆಟ್ಟಿಲ ಬಳಿಯ ಕರೆಂಟಿನ ಪೆಟ್ಟಿಗೆ ಹೊತ್ತಿಕೊಂಡಿತು. ನೋಡನೋಡುತ್ತ ಹೊಗೆ ಮೆಟ್ಟಿಲನ್ನೂ ಕಾರಿಡಾರನ್ನೂ ತುಂಬಿತು. ಊಟಕ್ಕೆ ಕೂತಿದ್ದ ಏಳೆಂಟು ಮಂದಿ ಕಿಟಕಿಗೆ ಮುಗಿಬಿದ್ದರು. ಕಟ್ಟಡದ ಮೂಲೆ ತಿರುಗಿದರೆ ಹಿಂಬದಿಯ ಮೆಟ್ಟಿಲ ಕಿಟಕಿ ತೆರೆದೇ ಇರುತ್ತದೆಂದು ಜಲಜಾಕ್ಷಿಗೆ ನೆನಪಾಯಿತು. ಸೆರಗು ಸಿಕ್ಕಿಸಿ ಸಜ್ಜದ ಮೇಲೆ ಇಳಿದೇಬಿಟ್ಟಳು. ಗೋಡೆಗೆ ಎದೆಯೊತ್ತಿ, ಅಡ್ಡಡ್ಡ ಹೆಜ್ಜೆಯಿಡುತ್ತ ಹೊರಟಳು. ಹಿಂದೆ ಮ್ಯಾನೇಜರ್ ವಿರೂಪಾಕ್ಷ ರಾಯರು, ಅವರ ಹಿಂದೆ ಟೈಪಿಸ್ಟ್ ಮುಮ್ತಾಜ್, ಆಮೇಲೆ ಉಳಿದವರು.

ಮೂಲೆಯ ಹತ್ತಿರ ರಾಯರು ಕೆಳಗೆ ನೋಡಿದರು. ರಸ್ತೆ ತುಂಬ ಮೇಲೆತ್ತಿದ ಮುಖಗಳು. ಅವರ ಕಾಲು ಕಂಬವಾಯಿತು.

"ಆಗಲ್ಲಮ್ಮ. ನೀನು ಹೋಗು."

"ನೀವು ನಿಂತರೆ ಹಿಂದಿನವರ ಗತಿ ಏನು ಸಾರ್?"

ರಾಯರು ಕಣ್ಣು ಮುಚ್ಚಿದರು. ಹಿಂದೆ ಮುಮ್ತಾಜ್ ಕೆಮ್ಮುತ್ತಿದ್ದಳು, ಕಿಟಕಿಯಿಂದ ಹೊಗೆ ಸುರುಳಿಸುರುಳಿಯಾಗಿ ಹೊರಬರುತ್ತಿತ್ತು. ಜಲಜಾಕ್ಷಿ ಒಂದು ಕೈಯನ್ನು ಗೋಡೆಯಿಂದ ಬಿಡಿಸಿ, ಮೊಣಕಾಲು ಮುಟ್ಟುವ ತನ್ನ ಜಡೆಯನ್ನು ಎಳೆದು ಅವರ ಕೈಗಿತ್ತಳು.

"ಇದನ್ನ ಹಿಡ್ಕೊಳ್ಳಿ. ಇದನ್ನೇ ನೋಡ್ತಾ ಬನ್ನಿ."

ಅವರು ಜಾರಿದರೆ ತಾನೂ ಹೋದಂತೆ ಎಂದು ಅವಳಿಗೆ ಗೊತ್ತಿತ್ತು. ಮೂಲೆ ತಿರುಗುವಾಗ ರಾಯರ ಪಾದ ಒಮ್ಮೆ ಜಾರಿತು. ನೆತ್ತಿ ಕಿತ್ತು ಬಂದಂತಾಗಿ ಅವಳ ತಲೆ ಹಿಂದಕ್ಕೆ ವಾಲಿತು. ಉಗುರು ಗೋಡೆಗೆ ಕಚ್ಚಿಸಿ ನಿಂತಳು, ಉಸಿರೂ ಬಿಡಲಿಲ್ಲ. ಪಕ್ಕದಲ್ಲಿ ರಾಯರ ಹೆಜ್ಜೆ ಮತ್ತೆ ಸರಿದ ಸದ್ದು ಕೇಳಿದ ಮೇಲೆಯೇ ಮುಂದೆ ಹೋದದ್ದು.

ತೆರೆದ ಕಿಟಕಿಯಿಂದ ಒಬ್ಬೊಬ್ಬರಾಗಿ ಎಲ್ಲರೂ ಒಳಗೆ ಬಂದರು. ರಾಯರ ಮುಷ್ಟಿ ಮಾತ್ರ ಬಿಚ್ಚಲೊಲ್ಲದು. ಮುಮ್ತಾಜ್ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಮೆಟ್ಟಿಲ ಮೇಲೆ ಕುಸಿದು ಕೂತ ರಾಯರು, "ತುಂಬಾ ನೋವಾಯ್ತೇನಮ್ಮ?" ಎಂದರು. ಅಲ್ಲಿಯವರೆಗೆ ಗಟ್ಟಿಯಾಗಿದ್ದ ಜಲಜಾಕ್ಷಿ ಆಗ ಅತ್ತಳು.

ಕೆಳಗೆ ನಿಂತು ಕಂಡವರೇ ಈ ಹೆಸರಿಟ್ಟರು ಎನ್ನುತ್ತಾರೆ. ಕಂಪನಿಗಳು ಬಂದವು, ಹೋದವು. ಉಳಿದ ಮಹಡಿಗಳ ಕಿಟಕಿಗಳಿಗೆಲ್ಲ ಕಬ್ಬಿಣದ ಸರಳುಗಳು ಬಿದ್ದಿವೆ. ಮೂರನೆಯದಕ್ಕೆ ಹಾಕಿಸಲು ಯಾರಿಗೂ ಮನಸ್ಸು ಬಂದಿಲ್ಲ. ಊಟದ ಹೊತ್ತಿನಲ್ಲಿ ಅಲ್ಲಿಯ ಹೆಣ್ಣುಮಕ್ಕಳು ಆ ಕಿಟಕಿಗಳಿಗೆ ಮೊಣಕೈಯೂರಿ ನಿಂತು ರಸ್ತೆ ನೋಡುವುದನ್ನು ಇಂದಿಗೂ ಕಾಣಬಹುದು.