ವಿಭೂತಿ ಹಚ್ಚಿಕೊಂಡ ಮೊಸಳೆ

ಕೃಷ್ಣೆಯ ದಂಡೆಯ ಮೇಲೆ ಒಂದು ಚಿಕ್ಕ ಮಠ. ಅಲ್ಲಿ ಒಬ್ಬ ಗುರು ಇದ್ದರು. ಎಲ್ಲರೂ ಅವರನ್ನು ಅಜ್ಜಾರು ಎನ್ನುತ್ತಿದ್ದರು. ಮಡಿವಾಳಯ್ಯ ಅವರ ಶಿಷ್ಯ.

ಒಂದು ಬೆಳಿಗ್ಗೆ ಮಡಿವಾಳಯ್ಯ ಹೊಳೆಯಿಂದ ಬಂದಾಗ ಅವನ ತಂಬಿಗೆಯಲ್ಲಿ ಮೊಸಳೆಮರಿಯೊಂದಿತ್ತು. ಗೇಣುದ್ದದ್ದು.

"ಅಜ್ಜಾರ, ಇದನ್ನ ಮಠದ ಹೊಂಡದಾಗ ಸಾಕತೀನ್ರಿ. ನಮ್ಮ ಹಾಲು-ಅನ್ನ ಉಂಡರ ಇದರ ಗುಣಾನೂ ಬದಲಾಗತೈತಿ."

ಗುರು ಇದ್ದಿಲ ತುಂಡೊಂದನ್ನು ಎತ್ತಿಕೊಂಡರು. ಪಡಸಾಲೆಯ ಈ ಗೋಡೆಯಿಂದ ಆ ಗೋಡೆಯವರೆಗೆ ನೆಲದ ಮೇಲೆ ಗೆರೆ ಎಳೆದರು.

"ಇದೇನ್ರಿ?"

"ನಿನ್ನ ಮರಿ. ನಾಳೆ ಇಷ್ಟುದ್ದ ಆಗತೈತಿ. ಹೊಂಡ ಎಷ್ಟುದ್ದ ಐತಿ, ಅಳದು ಬಾ."

ಮಡಿವಾಳಯ್ಯ ನಕ್ಕ. ನೆಲ ಸಾರಿಸಿದ. ಅಳೆಯಲು ಹೋಗಲಿಲ್ಲ.

ಮರಿಗೆ ಗಂಗವ್ವ ಎಂದು ಹೆಸರಿಟ್ಟ. ದಿನಾ ಅದರ ಹಣೆಗೆ ವಿಭೂತಿ ಹಚ್ಚಿದ. ಹಾಲು-ಅನ್ನವನ್ನು ಅದು ಮೂಸಿಯೂ ನೋಡಲಿಲ್ಲ. ಅವನು ಅಂಬಿಗರ ಹತ್ತಿರ ಮೀನು ಇಸಿದುಕೊಂಡು, ಜೋಳಿಗೆಯಲ್ಲಿ ಮುಚ್ಚಿ ತಂದು, ಕದ್ದು ತಿನ್ನಿಸತೊಡಗಿದ. ಅವನ ಹೆಜ್ಜೆ ಸಪ್ಪಳಕ್ಕೇ ಅದು ಬಾಯಿ ತೆರೆದು ಕಾಯುತ್ತಿತ್ತು. ಪ್ರಸಾದ ಉಂಡು ಬೆಳೆಯುತ್ತಿದೆ ಎಂದು ಊರಿಗೆಲ್ಲ ಹೇಳಿದ. ಜನಕ್ಕೇನು, ಕೈಮುಗಿಯಲು ಒಂದು ನೆಪ ಸಾಕು. ಹಿಂಡುಹಿಂಡಾಗಿ ಬಂದರು.

"ಮಡಿವಾಳಯ್ಯಾ, ನಿನ್ನ ಜೋಳಿಗಿ ನಾರತೈತಲ್ಲೋ," ಎಂದರು ಗುರು.

ಅವನು ಜೋಳಿಗೆಯನ್ನು ಬೆನ್ನ ಹಿಂದೆ ಸರಿಸಿದ.

ವರ್ಷಗಳು ಕಳೆದವು. ಗಂಗವ್ವ ಹೊಂಡದಲ್ಲಿ ಹೊರಳಲೂ ಆಗದಷ್ಟು ಬೆಳೆಯಿತು. ಮೂತಿ ಒಂದು ಗೋಡೆಗೆ, ಮಡಚಿದ ಬಾಲ ಇನ್ನೊಂದು ಗೋಡೆಗೆ. ಕಲ್ಲಿಗೆ ಉಜ್ಜಿ ಉಜ್ಜಿ ಮೂತಿ ಹುಣ್ಣಾಯಿತು.

"ಅಜ್ಜಾರ, ಹೊಂಡ ಸಾಲವಲ್ದು. ಏನ್ ಮಾಡ್ಲಿ?"

"ಹೊಳಿಗೆ ಬಿಟ್ರ ಊರಿಗೆ ಭಯ. ಇಲ್ಲೇ ಇಟ್ರ ಅದಕ್ಕ ನರಕ. ತಂದಾಂವ ನೀನು. ನೀನೇ ಹೇಳು."

ಮಡಿವಾಳಯ್ಯ ಒಂದು ನಸುಕಿನಲ್ಲಿ ಅಂಬಿಗರನ್ನು ಕರೆತಂದು, ಅದರ ಬಾಯಿ ಬಿಗಿದು, ಹಗ್ಗ ಹಾಕಿ ಎಳೆಸಿ, ದಂಡೆಯಲ್ಲಿ ಕಟ್ಟು ಬಿಚ್ಚಿ, ಹೊಳೆಗೆ ಬಿಟ್ಟುಬಿಟ್ಟ. ಪಾಪ ಕಳೆಯಿತೆಂದು ತಾನೂ ಒಂದು ಮುಳುಗು ಹಾಕಿ ಬಂದ.

ವಾರ ಕಳೆಯುವುದರೊಳಗೆ ಹೊಳೆಯ ಮೆಟ್ಟಿಲ ಕಡೆಯಿಂದ ಕೂಗಾಟ ಕೇಳಿಸಿತು. ಮಡಿವಾಳಯ್ಯ ಎದ್ದುಬಿದ್ದು ಓಡಿದ.

ಗಂಗವ್ವ ಬಟ್ಟೆ ಒಗೆಯುವವರ ನಡುವೆ ಮೆಟ್ಟಿಲೇರಿ ಬಂದಿತ್ತು. ಯಾರನ್ನೂ ಕಚ್ಚಿರಲಿಲ್ಲ. ಅದಕ್ಕೆ ಕೈಮುಗಿದಿದ್ದ ಜನವೇ ಕೊಡಲಿ ತಂದು ಕಡಿದು ಹಾಕಿದ್ದರು.

ಅವನು ಮಠಕ್ಕೆ ಬಂದು ಗುರುವಿನ ಮುಂದೆ ಕುಸಿದು ಗೋಳೋ ಎಂದು ಅತ್ತ.

"ನೀರು ಅಲ್ಲೇ ಕಾಲಬುಡಕ್ಕ ಇತ್ತಲ್ರಿ ಅಜ್ಜಾರ. ಇಷ್ಟು ಮಂದಿ ಕೊಡಲಿ ಹಿಡ್ಕೊಂಡು ಬಂದ್ರೂ ಅದು ಓಡಲಿಲ್ಲಂತ. ಬಾಯಿ ತಗದು ಸುಮ್ಮನ ನೋಡಕೋತ ಮಲಗಿತ್ತಂತ. ಯಾಕ್ರಿ?"

ಗುರು ಅವನ ತಲೆಯ ಮೇಲೆ ಕೈಯಿಟ್ಟರು. ಅವರ ಕಣ್ಣೂ ಒದ್ದೆಯಾಗಿತ್ತು.

"ಬಂದವರೆಲ್ಲಾ ನೀನೇ ಅಂತ ತಿಳಕೊಂಡಿತ್ತಪಾ."