ಮೌನವೀರನ ಕಪ್ಪು ಮೇಲಂಗಿ

ಮೂರು ಲೋಕಕ್ಕೂ ಮಿಗಿಲಾದ ವೀರದಳವೊಂದು ಒಂದೇ ಒಂದು ಕೋಳಿಗೂಡನ್ನು ಕಾಯುತ್ತಿತ್ತು. ದಳವೆಂದರೆ ಕೆಂಚನೆಂಬ ನಾಯಿ, ಹುಂಜಪ್ಪನೆಂಬ ಹುಂಜ, ಇಬ್ಬರೇ. ಹುಂಜಪ್ಪ ಕೂಗಿ ಎಚ್ಚರಿಸಿದೊಡನೆ ಕೆಂಚ ಬೊಗಳಿದರೆ ನರಿ ಏಳು ಹಳ್ಳ ಹಾರಿ ಓಡುತ್ತಿತ್ತು. ಅವರ ಸಾಹಸದ ಚಿತ್ರಕಥೆ ಬರೆಯುವ ಕಾಗೆ ಅದನ್ನು ಎಂಟು ಹಳ್ಳ ಮಾಡುತ್ತಿತ್ತು.

ಒಂದು ದಿನ ಕಾಗೆ, "ಕೆಂಚಣ್ಣ, ಓದುಗರಿಗೆ ಬೇಜಾರಾಗಿದೆ. ಇನ್ನು ನೀನು ಕಪ್ಪು ಮೇಲಂಗಿಯ ಮೌನವೀರ. ಬೊಗಳುವುದು ಹಳೇ ಸಂಚಿಕೆಗಳಿಗೇ ಮುಗಿಯಿತು," ಎಂದಿತು. ಮೇಲಂಗಿ ತೊಟ್ಟು ನೀರಿನ ಬಾನಿಯಲ್ಲಿ ಇಣುಕಿದ ಕೆಂಚನಿಗೆ ತನ್ನ ಮೇಲೆ ತನಗೇ ಭಕ್ತಿ ಹುಟ್ಟಿತು.

ಅಂದೇ ಸಂಜೆ ನರಿ ಬಂತು. ಹುಂಜಪ್ಪ ಕೂಗಿದ. ಕೆಂಚ ಗಂಟಲಿಗೆ ಬಂದ ಬೊಗಳಿಕೆಯನ್ನು ನುಂಗಿಕೊಂಡು, ಮೇಲಂಗಿ ಕೊಡವಿ, ದುರುಗುಟ್ಟಿ ನಿಂತ.

"ಬೊಗಳೋ ಮೂದೇವಿ, ನರಿ ನನ್ನ ಗಂಡನ ಹತ್ತಿರ ಬಂತು!" ಎಂದು ಗೂಡಿನೊಳಗಿಂದ ಹುಂಜಪ್ಪನ ಹೇಂಟೆ ಕಿರುಚಿತು.

"ಮೌನವೀರ ಬೊಗಳುವುದಿಲ್ಲ, ಅಕ್ಕ."

"ಅಂಗಿ ಚೆನ್ನಾಗಿ ಒಪ್ಪುತ್ತದೆ, ಭಾವ," ಎಂದು ಹೊಗಳಿದ ನರಿ, ಹುಂಜಪ್ಪನನ್ನು ಕಚ್ಚಿಕೊಂಡು ನಿಧಾನವಾಗಿ ನಡೆದುಹೋಯಿತು.

ಕೆಂಚ ಗೊಳೋ ಎಂದು ಅತ್ತ. ಕಾಗೆ ಅವನ ಬೆನ್ನು ತಟ್ಟಿತು. "ಅಳಬೇಡವೋ, ತಪ್ಪೆಲ್ಲ ಬಣ್ಣದ್ದು. ಕೆಂಪಂಗಿ ಹೊಲಿಸೋಣ. ಹುಂಜಪ್ಪನನ್ನು ಮುಂದಿನ ಸಂಚಿಕೆಯಲ್ಲಿ ಬದುಕಿಸುತ್ತೇನೆ."

"ಹಾಗಾದರೆ ಆ ಸಂಚಿಕೆಯನ್ನು ಮೊದಲು ನರಿಯ ಹೊಟ್ಟೆಗೆ ಓದಿ ಹೇಳಪ್ಪಾ," ಎಂದಿತು ಹೇಂಟೆ.