ಬೆಣ್ಣೆ ಬಂದ ಸದ್ದು

ಹೊಳೆ ದಂಡೆಯ ಆಶ್ರಮದಲ್ಲಿ ಇದ್ದದ್ದೇ ಮೂವರು. ಗುರುಗಳು, ಶಿಷ್ಯ ಚೆನ್ನವೀರ, ಅಡುಗೆಮನೆಯ ಹೊನ್ನಜ್ಜಿ.

ಬೆಳಗಾದರೆ ಚೆನ್ನವೀರ ಜಗಲಿಯ ಮೇಲೆ ಜಪಕ್ಕೆ ಕೂರುವನು. ಒಳಗೆ ಅಜ್ಜಿ ಮಜ್ಜಿಗೆ ಕಡೆಯುವಳು. ಸೊರ್‌ಬುರ್, ಸೊರ್‌ಬುರ್. ಬೆಣ್ಣೆ ಬಂತೆಂದರೆ ಸದ್ದು ಬೇರೆಯಾಗುವುದು, ಕಡಗೋಲು ನಿಲ್ಲುವುದು. ಆಮೇಲೆ ಗುರುಗಳ ಅಂಗೈಗೊಂದು ಉಂಡೆ, ಶಿಷ್ಯನ ಅಂಗೈಗೊಂದು ಉಂಡೆ.

"ನಿನ್ನ ದೇವರು ಇನ್ನೂ ದಾರೀಲೇ ಇದ್ದಾನೇನೋ ಮಗ? ಅವನು ಬರೋವರೆಗೆ ಇದನ್ನ ತಿನ್ನು," ಎಂದು ಅಜ್ಜಿ ಕೆಣಕುವಳು.

ಚೆನ್ನವೀರನಿಗೆ ಒಳಗೊಳಗೇ ಸಿಟ್ಟು. ಬೆಣ್ಣೆ ಮಾತ್ರ ಬಿಡುತ್ತಿರಲಿಲ್ಲ.

"ಆ ಸದ್ದು ಬದಲಾದರೆ ಸಾಕು, ಮನಸ್ಸು ಎದ್ದು ಓಡುತ್ತೆ ಗುರುಗಳೇ."

"ಓಡಲಿ ಬಿಡು."

ಅವನು ಬಿಡಲಿಲ್ಲ. ಹಟ ಹಿಡಿದ.

ಒಂದು ಬೆಳಗ್ಗೆ ಜಪದ ನಡುವೆಯೇ ಸದ್ದು ತಟ್ಟನೆ ಬೇರೆಯಾಯಿತು. ಆಮೇಲೆ ನಿಂತಿತು. ಅವನ ಕಿವಿ ನೆಟ್ಟಗಾಯಿತು. ಹಲ್ಲು ಕಚ್ಚಿ ಕಣ್ಣು ಇನ್ನೂ ಬಿಗಿಯಾಗಿ ಮುಚ್ಚಿದ. ಜಪ ಮುಗಿಸಿಯೇ ಎದ್ದ.

"ಗುರುಗಳೇ, ಇವತ್ತು ಗೆದ್ದೆ."

ಗುರುಗಳು ನಕ್ಕರು. "ಹಾಗಾದರೆ ಬೆಣ್ಣೆ ಎಲ್ಲಿ? ನೋಡಿಕೊಂಡು ಬಾ."

ಅಜ್ಜಿ ಗಡಿಗೆಗೆ ಒರಗಿದ್ದಳು. ಹಗ್ಗ ಕೈಯಲ್ಲೇ ಇತ್ತು. ಮೈ ಇನ್ನೂ ಬೆಚ್ಚಗಿತ್ತು. ಉಸಿರಿರಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಚೆನ್ನವೀರ ಜಗಲಿಯ ಕಡೆ ಸುಳಿಯಲಿಲ್ಲ. ಒಂದೇ ಮಾತು ಕೇಳಿದ.

"ನಾನು ಆಗಲೇ ಎದ್ದಿದ್ದರೆ ಅಜ್ಜಿ ಉಳೀತಿದ್ದಳಾ?"

ಗುರುಗಳು ಕಡಗೋಲಿನ ಹಗ್ಗ ತಂದು ಅವನ ಕೈಗಿಟ್ಟರು.

"ಮಜ್ಜಿಗೆ ಕಡೆ. ಬಾಯಲ್ಲಿ ಜಪ ಇರಲಿ."

ಅವನು ಕಡೆದ. ಕಣ್ಣೀರು ಗಡಿಗೆಗೆ ಬೀಳದಂತೆ ಮುಖ ತಿರುಗಿಸಿಕೊಂಡು ಕಡೆದ. ಎಷ್ಟೋ ಹೊತ್ತಿನ ಮೇಲೆ ಕೈ ನಿಂತಿತು.

"ಯಾಕೆ ನಿಲ್ಲಿಸಿದೆ?"

"ಬೆಣ್ಣೆ ಬಂತು."

"ಕಿವಿಗೊಟ್ಟು ಕೇಳ್ತಿದ್ದೆಯಾ?"

"ಇಲ್ಲ. ಜಪದಲ್ಲಿದ್ದೆ. ಸದ್ದು ಬೇರೆಯಾಯ್ತು, ಕೈ ತಾನಾಗೇ ನಿಂತಿತು."

ಅಷ್ಟು ಹೇಳಿದವನು ಗಡಿಗೆಯ ಕಂಠ ಹಿಡಿದು ಕುಸಿದ.

"ಅವತ್ತೂ ಹೀಗೇ ಆಗಿತ್ತು ಗುರುಗಳೇ. ಕಿವಿ ನನ್ನನ್ನ ಕರೀತು. ನಾನೇ ಅದರ ಬಾಯಿ ಮುಚ್ಚಿಸಿದೆ. ನಿಮಗೆ ಕೇಳಿಸಿದ್ದರೆ ಎದ್ದು ಓಡ್ತಿದ್ದಿರಿ."

ಗುರುಗಳು ಮಜ್ಜಿಗೆಯಲ್ಲಿ ಕೈಯಿಟ್ಟು ಬೆಣ್ಣೆ ಕೂಡಿಸಿದರು. ಒಂದು ಉಂಡೆ ಮಾಡಿ ಅವನ ಅಂಗೈಯಲ್ಲಿಟ್ಟರು.

"ನನಗೂ ಕೇಳಿಸಿತ್ತು ಮಗ. ಬೆಣ್ಣೆ ಬಂತು ಅಂದುಕೊಂಡು ಕೈ ತೊಳೆದು ಕೂತಿದ್ದೆ."